ಬಲಗೈಯ ವಾಚು, ಎಡಗೈಯ ವಾಚು

ಹುಬ್ಬಳ್ಳಿಯ ಪರಿಚಯದ ಅಂಗಡಿಯವರು ಎರಡು ಆಟೊಮ್ಯಾಟಿಕ್ ಸ್ಪೋರ್ಟ್ಸ್ ವಾಚುಗಳನ್ನು ಒಂದು ವಾರದ ಮಟ್ಟಿಗೆ ನನ್ನ ಕೈಗಿತ್ತಿದ್ದರು. ಒಂದನ್ನು ಕೊಂಡು ಇನ್ನೊಂದನ್ನು ಮರಳಿಸಬೇಕು. ಆಮೇಲೆ ಬದಲಿಸಿ ಕೊಡುವುದಿಲ್ಲ. ಬೆಲೆ ಹೆಚ್ಚುಕಡಿಮೆ ಒಂದೇ. ಬ್ಯಾಟರಿ ಇಲ್ಲ, ಕೈ ಆಡಿದಂತೆ ತಾನೇ ಕೀಲಿ ಕೊಟ್ಟುಕೊಂಡು ನಡೆಯುತ್ತವೆ. ಯಾವುದು ನಿಲ್ಲದೆ ನಡೆಯುತ್ತದೆಂದು ನೋಡಲು ಕರಿ ಡಯಲಿನದನ್ನು ಬಲಗೈಗೆ, ನೀಲಿಯದನ್ನು ಎಡಗೈಗೆ ಕಟ್ಟಿಕೊಂಡೆ. ಮೂರನೆಯ ದಿನ ಬೆಳಿಗ್ಗೆ ನೀಲಿಯದು ನಿಂತಿತ್ತು. ಕರಿಯದೇ ಸರಿ ಎಂದು ಪುಸ್ತಕದಲ್ಲಿ ಬರೆದುಕೊಂಡೆ.

ಅಂದು ಕೃಷಿ ಇಲಾಖೆಯ ಕೆಲಸದ ಮೇಲೆ ಯರಗುಪ್ಪಿಯ ನಿಂಗಪ್ಪ ಕಾಕಾ ಅವರ ಹೊಲದಲ್ಲಿ ಮಣ್ಣಿನ ಮಾದರಿ ತೆಗೆಯುತ್ತಿದ್ದೆ. ಬದುವಿನ ಮೇಲೆ ಕುಳಿತಿದ್ದ ಅವರು ಕೇಳಿದರು:

"ಎರಡ್ಯಾಕ್ರಿ ಸರ? ಒಂದು ಸುಳ್ಳ ಹೇಳತೈತೇನು?"

ನನ್ನ ಪರೀಕ್ಷೆಯನ್ನು ವಿವರಿಸಿದೆ.

"ಮಣ್ಣ ಕೆದರೂದು ಬಲಗೈ, ಬರಿಯೂದು ಬಲಗೈ. ನಿಮ್ಮ ಎಡಗೈ ಏನ್ ದುಡಿದೈತ್ರಿ? ನಾವು ಎತ್ತು ಕೊಳ್ಳೂ ಮುಂದ ಬಾಜು ಬದಲಿ ಮಾಡಿ, ಎಡಕ್ಕಿದ್ದದ್ದನ್ನ ಬಲಕ್ಕ ಹೂಡಿ ನೋಡತೀವಿ."

ಬಿ.ಎಸ್ಸಿ. ಓದಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಅಲ್ಲೇ ವಾಚುಗಳ ಕೈ ಬದಲಿಸಿದೆ. ಆರನೆಯ ದಿನ ಬೆಳಿಗ್ಗೆ ಕರಿಯದು ನಿಂತಿತ್ತು.

ನಾಳೆ ಒಂದನ್ನು ಮರಳಿಸಬೇಕು. ವಾರವಿಡೀ ಅಳೆದು ಖಚಿತವಾದದ್ದು ನನ್ನ ಎಡಗೈಯ ಸೋಮಾರಿತನ ಮಾತ್ರ. ಅದನ್ನು ಅಂಗಡಿಯವರು ಮರಳಿ ತೆಗೆದುಕೊಳ್ಳುವುದಿಲ್ಲ.