ಅರವತ್ತು ಸೆಕೆಂಡಿನಲ್ಲಿ ನಾನು

ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ನಾನು ಹತ್ತೊಂಬತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದೆ. ಕಾರ್ಖಾನೆ ನೀರಿನ ಪಂಪುಗಳನ್ನು ಮಾಡುತ್ತಿತ್ತು. ನಾನು ಒಂದು ಪಂಪನ್ನೂ ಮುಟ್ಟಿ ನೋಡಿದವಳಲ್ಲ. ಗೇಟಿನ ಪಕ್ಕದ ಗಾಜಿನ ಕೋಣೆಯಲ್ಲಿ ಕೂತು, ಬಂದ ಫೋನನ್ನು ಎತ್ತಿ, ಕಂಪನಿಯ ಹೆಸರು ಹೇಳಿ, ಯಾರು ಬೇಕೋ ಅವರಿಗೆ ಕೊಡುತ್ತಿದ್ದೆ. ಒಂದು ಬೆಳಿಗ್ಗೆ ಮ್ಯಾನೇಜರು ನಮ್ಮನ್ನೆಲ್ಲ ಕ್ಯಾಂಟೀನಿಗೆ ಕರೆದು, ಕಾರ್ಖಾನೆ ಹೊಸೂರಿನ ಆಚೆಗೆ ಹೋಗುತ್ತದೆ ಎಂದರು. ಯಂತ್ರಗಳು ಹೋಗುತ್ತವೆ, ಕೆಲವು ಇಂಜಿನಿಯರುಗಳು ಹೋಗುತ್ತಾರೆ, ಫೋನಿಗೆ ಅಲ್ಲಿ ರೆಕಾರ್ಡ್ ಮಾಡಿದ ದನಿ ಇರುತ್ತದೆ. ನನಗೆ ಎರಡು ತಿಂಗಳ ಗಡುವು ಕೊಟ್ಟರು, ಜೊತೆಗೆ ಒಂದು ಪ್ಲೇಟು ಕೇಸರಿಬಾತ್.

ನನಗೆ ಆಗ ನಲವತ್ತೇಳು. ಮದುವೆಯಾಗಿಲ್ಲ. ಹಲಸೂರಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದೇನೆ. ನನ್ನ ಅಣ್ಣ ಕೆ.ಆರ್. ಪುರದಲ್ಲಿ ಹುಡುಗಿಯರ ಪಿ.ಜಿ. ನಡೆಸುತ್ತಾನೆ. ಅಲ್ಲಿಯ ಅಡುಗೆಮನೆಯ ಹಿಂದೆ ಒಂದು ಕೋಣೆ ಇದೆ. ಅದು ನನಗೆಂದೇ ಇದೆ ಎಂದು ಅವನು ಅಮ್ಮ ಹೋದಾಗಿನಿಂದ ಹೇಳುತ್ತಾ ಬಂದಿದ್ದ. ಸುದ್ದಿ ಕೇಳಿದ ಕೂಡಲೇ ಫೋನ್ ಮಾಡಿದ. "ಒಳ್ಳೇದೇ ಆಯ್ತು ಬಿಡು. ಇಲ್ಲಿ ಬಂದು ಅಡುಗೆಯವರನ್ನ ನೋಡ್ಕೊಂಡು ಇರು. ಈ ಎರಡು ತಿಂಗ್ಳ ಕಡೇ ಭಾನುವಾರ ಗಾಡಿ ತರ್ತೀನಿ."

ಹೋದರೆ ಕಷ್ಟವೇನು ಎಂದು ಯಾರಾದರೂ ಕೇಳಬಹುದು. ಕಷ್ಟವೇನೂ ಇಲ್ಲ. ಅಣ್ಣ ಒಳ್ಳೆಯವನು, ಅತ್ತಿಗೆ ಇನ್ನೂ ಒಳ್ಳೆಯವರು, ಊಟ ಬಿಸಿಬಿಸಿ. ಆದರೆ ಅಲ್ಲಿ ಕಾಲಿಟ್ಟ ದಿನದಿಂದ ನಾನು ಅಣ್ಣ ನೋಡಿಕೊಳ್ಳುತ್ತಿರುವ ತಂಗಿಯಾಗುತ್ತೇನೆ. ಬಂದವರಿಗೆಲ್ಲ ಅವನು ಅದನ್ನು ಹೇಳುತ್ತಾನೆ, ನಾನು ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿರುತ್ತೇನೆ. ಹತ್ತೊಂಬತ್ತು ವರ್ಷ ನನ್ನ ಮನೆಗೆ ನಾನೇ ಬೀಗ ಹಾಕಿ, ನಾನೇ ತೆಗೆದಿದ್ದೇನೆ. ಅದನ್ನು ಬಿಟ್ಟುಕೊಡಲು ನನಗೆ ಸುತರಾಂ ಇಷ್ಟವಿರಲಿಲ್ಲ. ಆ ಭಾನುವಾರದೊಳಗೆ ಒಂದು ಕೆಲಸ ಹುಡುಕಲೇಬೇಕಿತ್ತು.

ಈಗ ಕೆಲಸ ಹುಡುಕುವುದೇ ಒಂದು ಕೆಲಸ. ಫೋನಿನಲ್ಲಿ ರೆಸ್ಯೂಮೆ ಬರೆದುಕೊಡುವ ಒಂದು ಆ್ಯಪ್ ಇದೆ, ನೀವು ಏನು ಮಾಡುತ್ತಿದ್ದೀರಿ ಎಂದು ಕೇಳುತ್ತದೆ. ಫೋನ್ ಎತ್ತುತ್ತೇನೆ, ಬೇಕಾದವರಿಗೆ ಕೊಡುತ್ತೇನೆ, ಅವರು ಇಲ್ಲದಿದ್ದರೆ ಇಲ್ಲ ಎನ್ನುತ್ತೇನೆ ಎಂದು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನನ್ನು ಸ್ಟೇಕ್‌ಹೋಲ್ಡರ್ ಕಮ್ಯುನಿಕೇಷನ್ ಸ್ಪೆಷಲಿಸ್ಟ್ ಮಾಡಿತು. ಹತ್ತೊಂಬತ್ತು ವರ್ಷ ಇಂಥ ಹುದ್ದೆಯಲ್ಲಿದ್ದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಕಾಗದ ಹಿಡಿದು ದೊಮ್ಮಲೂರಿನ ಒಂದು ಆಫೀಸಿಗೆ ಇಂಟರ್‌ವ್ಯೂಗೆ ಹೋದೆ. ಕೇಳಿದಾತನಿಗೆ ನನ್ನ ಅರ್ಧ ವಯಸ್ಸು. "ನಿಮ್ಮ ಸ್ಟ್ರಾಟೆಜಿ ಏನಿತ್ತು, ಮೇಡಂ?" ಎಂದ. ಮೂರನೇ ಸಲ ರಿಂಗ್ ಆಗುವುದರೊಳಗೆ ಎತ್ತುವುದು ಎಂದೆ. ಅವನು ಅದನ್ನು ಬರೆದುಕೊಂಡ. ಆಮೇಲೆ ಫೋನ್ ಬರಲಿಲ್ಲ.

ನಮ್ಮ ಸ್ಟೋರ್ಸಿನಲ್ಲಿದ್ದ ಒಬ್ಬಾಕೆ ನನ್ನನ್ನು ಕೆಲಸದ ವಾಟ್ಸಾಪ್ ಗ್ರೂಪೊಂದಕ್ಕೆ ಸೇರಿಸಿದಳು. "ಕಾಗದ ಯಾರ್ ಓದ್ತಾರಕ್ಕಾ ಈಗ? ಅರವತ್ತು ಸೆಕೆಂಡ್ ವಿಡಿಯೋ ಮಾಡ್ಸಿ ಹಾಕಿ. ಒಬ್ರಿಂದ ಒಬ್ರಿಗೆ ಫಾರ್ವರ್ಡ್ ಆಗುತ್ತೆ," ಎಂದಳು. ಗ್ರೂಪಿನಲ್ಲಿ ಬೇರೆಯವರ ವಿಡಿಯೋಗಳನ್ನು ನೋಡಿದೆ. ಎಲ್ಲರೂ ಪುಸ್ತಕದ ಕಪಾಟಿನ ಮುಂದೆ ನಿಂತು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಕಪಾಟು ಇದೆ, ಅದರಲ್ಲಿ ಬೇಳೆ ಇದೆ.

ನನಗೆ ಗೊತ್ತಿದ್ದ ಸ್ಟುಡಿಯೋ ಒಂದೇ. ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಮಸಾಲೆ ಅಂಗಡಿಯ ಮಹಡಿಯ ಮೇಲೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಗಂಡಿನ ಕಡೆಯವರಿಗೆ ಕಳಿಸುವ ಫೋಟೋಕ್ಕೆಂದು ಅಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ಫೋಟೋ ಚೆನ್ನಾಗಿ ಬಂತು, ಗಂಡು ಬರಲಿಲ್ಲ. ಸ್ಟುಡಿಯೋದ ಸಾಬರು ಈಗ ಮುದುಕರಾಗಿದ್ದಾರೆ, ಆದರೂ ಕ್ಯಾಮೆರಾ ಅವರ ಕೈಯಲ್ಲೇ ಇದೆ. ಕ್ಯಾಂಟೋನ್ಮೆಂಟಿನ ಎಲ್ಲ ಜಾತಿಯ ಹೆಣ್ಣುಮಕ್ಕಳೂ ಮದುವೆಗೆ ಮುಂಚೆ ಆ ಮೆಟ್ಟಿಲು ಹತ್ತಿದ್ದಾರೆ. ಈಗ ಸಾಬರೂ ಫೋಟೋ ಬಿಟ್ಟು ವಿಡಿಯೋಗೆ ಬಂದಿದ್ದರು.

"ಕೆಲಸಕ್ಕೆ ವಿಡಿಯೋ ಬೇಕು, ಅರವತ್ತು ಸೆಕೆಂಡು," ಎಂದೆ.

"ಕೆಲ್ಸ ಆದ್ರೇನು, ಶಾದಿ ಆದ್ರೇನು, ಮೇಡಂ? ತೋರ್ಸೋದು ಇನ್ಸಾನೇ ಅಲ್ವಾ?" ಎಂದರು. ತೋರಿಸುವುದು ಮನುಷ್ಯರನ್ನೇ ತಾನೇ, ಇದು ಸರಿ ಎಂದೇ ನನಗೂ ಅನಿಸಿತು.

ಮೊದಲು ನನ್ನನ್ನು ಪ್ಲಾಸ್ಟಿಕ್ ಗುಲಾಬಿಯ ಕುಂಡದ ಪಕ್ಕ ನಿಲ್ಲಿಸಿದರು. ಬಾಗಿಲಿನಿಂದ ಕುರ್ಚಿಯ ತನಕ ನಿಧಾನವಾಗಿ ನಡೆದು ಬರಲು ಹೇಳಿದರು. "ಕಾಲು ಸರಿ ಇದೆ ಅಂತ ಗೊತ್ತಾಗ್ಲಿ," ಎಂದರು. ಟೆಲಿಫೋನ್ ಆಪರೇಟರಿಗೆ ಕಾಲು ಯಾಕೆ ಎಂದು ಕೇಳಬೇಕೆನಿಸಿತು, ಆದರೂ ನಡೆದೆ. ಕುರ್ಚಿಯಲ್ಲಿ ಕೂರಿಸಿ, "ಸೆರಗು ಜರಾ ಸರಿ ಮಾಡ್ಕೊಳಿ, ತಲೆ ಎತ್ತಿ, ಜಾಸ್ತಿ ನಗ್ಬೇಡಿ," ಎಂದರು. ನಾನು ಜಾಸ್ತಿ ನಗುವ ಸ್ಥಿತಿಯಲ್ಲಿರಲಿಲ್ಲ. ಕ್ಯಾಮೆರಾದ ಕೆಂಪು ದೀಪ ಹತ್ತಿತು. ನಾನು ಬಾಯಿ ತೆರೆದೆ. ಒಂದು ಸಲವೂ ತಡವರಿಸದೆ ನಲವತ್ತು ಸೆಕೆಂಡು ಮಾತಾಡಿದೆ, ಉಳಿದ ಇಪ್ಪತ್ತು ನಡಿಗೆಗೆ ಹೋಗಿತ್ತು. ಸಾಬರು "ಮಾಷಾ ಅಲ್ಲಾ, ಒಂದೇ ಟೇಕು," ಎಂದು ಟೀ ತರಿಸಿದರು.

ಎರಡು ದಿನದ ಮೇಲೆ ವಿಡಿಯೋ ಬಂತು. ಹಿನ್ನೆಲೆಯಲ್ಲಿ ಶಹನಾಯಿ ಇತ್ತು. ಆರಂಭದಲ್ಲಿ ಮೇಲಿನಿಂದ ಹೂವಿನ ಪಕಳೆಗಳು ಉದುರುತ್ತಿದ್ದವು. ಪಕಳೆ ಬೇಡ ಎಂದು ಸಾಬರಿಗೆ ಫೋನಿನಲ್ಲಿ ಹೇಳಿದೆ. ತೆಗೆದರೆ ಬೋಳಾಗಿ ಕಾಣುತ್ತದೆ ಎಂದರು. ಹತ್ತಾರು ಸಲ ನೋಡಿದೆ. ಪ್ರತಿ ಸಲವೂ ನನ್ನ ಗದ್ದವನ್ನು, ಗದ್ದದ ಕೆಳಗಿನ ಇನ್ನೊಂದು ಗದ್ದವನ್ನು ನೋಡಿದೆ. ಆಮೇಲೆ ಗ್ರೂಪಿಗೆ ಹಾಕಿದೆ.

ವಿಡಿಯೋ ಓಡಿತು, ಅದರಲ್ಲಿ ಎರಡು ಮಾತಿಲ್ಲ. ಕುಕ್ ಟೌನಿನಲ್ಲಿರುವ ಯಾರೋ ನೋಡಿದರಂತೆ, ವೈಟ್‌ಫೀಲ್ಡಿನ ಯಾರೋ ನೋಡಿ ಚೆನ್ನಾಗಿದೆ ಎಂದರಂತೆ. ನನ್ನದೇ ವಿಡಿಯೋ ಬೇರೆ ಗ್ರೂಪಿನಿಂದ ತಿರುಗಿ ನನಗೇ ಬಂತು. ಕೆಳಗೆ ಒಬ್ಬರು ಕೈಮುಗಿಯುವ ಚಿತ್ರ ಹಾಕಿದ್ದರು. ಫೋನ್ ಮಾತ್ರ ಒಂದೂ ಬರಲಿಲ್ಲ. ದಿನವಿಡೀ ಫೋನ್ ಎತ್ತುವವಳಿಗೆ ಸಂಜೆ ಮನೆಯಲ್ಲಿ ಬಾರದ ಫೋನನ್ನು ಕಾಯುವುದು ಹಿಂಸೆ. ನನ್ನಲ್ಲಿ ಏನೋ ಕೊರತೆ ಇರಬೇಕು, ಮುಖದಲ್ಲೋ ವಯಸ್ಸಿನಲ್ಲೋ ಎಂದುಕೊಂಡೆ. ಆಮೇಲಾಮೇಲೆ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತತೊಡಗಿದೆ.

ಕಡೆಯ ಭಾನುವಾರ ಅಣ್ಣ ಗೂಡ್ಸ್ ಆಟೋ ತಂದು ಬೀದಿಯಲ್ಲಿ ನಿಲ್ಲಿಸಿ ಮೇಲೆ ಬಂದ. ಬೀರುವನ್ನು ಒಮ್ಮೆ ಅಲ್ಲಾಡಿಸಿ ನೋಡಿದ. ಆಮೇಲೆ ಕೂತು, "ಅದೇನೋ ವಿಡಿಯೋ ಮಾಡ್ಸಿದ್ಯಂತಲ್ಲ, ಎಲ್ಲಿ ತೋರ್ಸು," ಎಂದ. ನಾನು ಫೋನ್ ಕೊಟ್ಟೆ. ಅವನು ಪೂರ್ತಿ ನೋಡಿದ. ತಿರುಗಿ ನೋಡಿದ. ಮೂರನೇ ಸಲ ನೋಡುವಾಗ ಶಹನಾಯಿ ಕೇಳಿ ನನಗೇ ನಾಚಿಕೆಯಾಯಿತು.

"ಏನೇ ಇದು?" ಎಂದ. "ನೀನು ಯಾರು ಅಂತ ಹೇಳೇ ಇಲ್ವಲ್ಲೇ."

"ಹೇಳಿದೀನಿ. ಸರಿಯಾಗಿ ಕೇಳಿಸ್ಕೋ."

"ಕಂಪನಿ ಹೆಸ್ರು ಹೇಳಿದ್ಯ. ಪಂಪು ಎಷ್ಟು ತರದ್ದು ಅಂತ ಹೇಳಿದ್ಯ. ಊಟದ ಟೈಮು ಹೇಳಿದ್ಯ. ನಿನ್ ಹೆಸ್ರೆಲ್ಲಿ?"

ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ನೋಡಿದೆವು. ಅವನು ಹೇಳಿದ್ದು ನಿಜ. ನಲವತ್ತು ಸೆಕೆಂಡಿನಲ್ಲಿ ನನ್ನ ಹೆಸರು ಒಂದು ಸಲವೂ ಬಂದಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಆಫೀಸಿನ ಹಿರಿಯರೊಬ್ಬರು ನನಗೆ ಹೇಳಿಕೊಟ್ಟಿದ್ದರು: ಫೋನ್ ಎತ್ತಿದಾಗ ಕಂಪನಿಯ ಹೆಸರು ಹೇಳು, ನಿನ್ನ ಹೆಸರು ಹೇಳಬೇಡ, ಹೇಳಿದರೆ ನಾಳೆಯಿಂದ ಎಲ್ಲರೂ ನಿನ್ನನ್ನೇ ಕೇಳುತ್ತಾರೆ. ಹತ್ತೊಂಬತ್ತು ವರ್ಷ ಅದನ್ನು ಪಾಲಿಸಿದ್ದೆ. ಕೆಂಪು ದೀಪ ಹತ್ತಿದ ಕೂಡಲೇ ನಾಲಿಗೆ ತನ್ನ ಪಾಡಿಗೆ ತನ್ನ ಕೆಲಸ ಮಾಡಿತ್ತು.

ಸಾಬರಿಗೆ ಫೋನ್ ಮಾಡಿ ರೇಗಿದೆ. ನಾನು ಹೇಳದಿದ್ದರೆ ನೀವಾದರೂ ಹೆಸರು, ನಂಬರು ಬರೆಯಬಾರದಿತ್ತೆ ಎಂದೆ.

"ತೋಬಾ ತೋಬಾ," ಎಂದರು ಸಾಬರು. "ಹುಡ್ಗಿ ಹೆಸ್ರು, ನಂಬರ್ ನಾವು ಯಾವತ್ತೂ ಹಾಕಲ್ಲ ಮೇಡಂ. ಯಾರ್ಯಾರ್ ಕೈಗೆ ಹೋಗುತ್ತೋ ಏನೋ! ಅದೆಲ್ಲಾ ಶಾದಿ ಬ್ರೋಕರ್ ಹತ್ರ ಇರ್ಬೇಕು. ನಲ್ವತ್ತು ವರ್ಷದಿಂದ ನಮ್ದು ಇದೇ ಕಾಯ್ದೆ."

ನನ್ನ ಮಾನ ಕಾಪಾಡಿದ್ದಕ್ಕೆ ಅವರ ಮೇಲೆ ಕೋಪಿಸಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಫೋನ್ ಇಟ್ಟೆ. ಪೂರ್ವ ಬೆಂಗಳೂರಿನ ಅಷ್ಟೂ ಜನ ನೋಡಿದ್ದ ಆ ವಿಡಿಯೋದಲ್ಲಿ, ಗುಲಾಬಿ ಕುಂಡದ ಪಕ್ಕ ಒಬ್ಬ ಹೆಂಗಸು ನಡೆದು ಬಂದು, ಪಂಪಿನ ಬಗ್ಗೆ ಹೇಳಿ, ಯಾರೆಂದು ತಿಳಿಸದೆ ಮುಗಿಸಿದ್ದಳು. ಅಣ್ಣ ನಗಲು ಶುರುಮಾಡಿದ. ನನಗೆ ಅಳು ಬಂತು. ಅವನು ನಗುವುದನ್ನು ನಿಲ್ಲಿಸಿದ.

"ಏಳು," ಎಂದ. "ಆ ಗೋಡೆ ಹತ್ರ ನಿಂತ್ಕೋ. ನಾನ್ ತೆಗೀತೀನಿ."

"ಕೆಳಗೆ ಗಾಡಿ ಕಾಯ್ತಿದೆ, ಅಣ್ಣಾ."

"ಕಾಯ್ಲಿ. ನಿಂತ್ಕೋ ಅಂದ್ರೆ ನಿಂತ್ಕೋ."

ಮೊದಲ ಸಲ ಅವನ ಹೆಬ್ಬೆರಳು ಅಡ್ಡ ಬಂತು. ಎರಡನೇ ಸಲ ಪಕ್ಕದ ಮನೆಯ ತಮಿಳು ಅಜ್ಜಿ ಕರಿಬೇವು ಕೇಳಿಕೊಂಡು ಬಂದರು. ಮೂರನೇ ಸಲ ಎಲ್ಲ ಸರಿಯಿತ್ತು, ನಾನೇ ಮಾತಿನ ನಡುವೆ ತಡೆದುಬಿಟ್ಟೆ. ನನ್ನ ಹೆಸರು ಎಂದೆ, ಮುಂದಕ್ಕೆ ಬಾಯಿ ಬರಲಿಲ್ಲ. ಆಫೀಸಿನಲ್ಲಿ ನಾನು ಮೇಡಂ, ಬೀದಿಯಲ್ಲಿ ಅಕ್ಕ, ಅಣ್ಣನಿಗೆ ಲೇ. ಹೆಸರು ಹಿಡಿದು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಅವಳು ಹೋದ ಮೇಲೆ ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು. ಅದನ್ನು ನನ್ನ ಬಾಯಿಂದಲೇ ಜೋರಾಗಿ ಹೇಳಲು ಹೋದರೆ ಸುಳ್ಳು ಹೇಳುತ್ತಿದ್ದೇನೆ ಅನಿಸಿತು. ಐದು ಸಲ, ಆರು ಸಲ ಅಲ್ಲೇ ತಡೆದೆ. ಅಣ್ಣನ ಕೈ ನೋಯುತ್ತಿತ್ತು, ಒಂದು ಕೈಯಿಂದ ಇನ್ನೊಂದಕ್ಕೆ ಫೋನ್ ಬದಲಾಯಿಸುತ್ತಿದ್ದ. ಕೆಳಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ.

ಕೊನೆಗೆ ಅಣ್ಣ ಗಂಟಲು ಸರಿಮಾಡಿಕೊಂಡು, ಗುರುತೇ ಇಲ್ಲದವನ ಹಾಗೆ ಕೇಳಿದ: "ಯಾರಮ್ಮಾ ನೀವು?"

ಹುಟ್ಟಿದಾಗಿನಿಂದ ಅವನು ನನ್ನನ್ನು ನೀವು ಎಂದವನಲ್ಲ. ಕೇಳಿದವರಿಗೆ ಉತ್ತರ ಕೊಡುವುದು ನನ್ನ ವೃತ್ತಿ. ಹೆಸರು ಹೇಳಿದೆ. ಆಮೇಲೆ ಉಳಿದದ್ದೆಲ್ಲ ತಾನಾಗಿ ಬಂತು, ಫೋನ್ ನಂಬರಿನ ತನಕ. ಅವನ ಪ್ರಶ್ನೆಯನ್ನು ಕತ್ತರಿಸುವುದು ಹೇಗೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಹಾಗೇ ಗ್ರೂಪಿಗೆ ಹಾಕಿದೆವು.

ಕಾಫಿ ಕುಡಿಯುತ್ತಾ ಅವನು ಅತ್ತಿಗೆಗೆ ಫೋನ್ ಮಾಡಿದ. "ಆ ಹಿಂದಿನ ರೂಮಿದೆಯಲ್ಲ, ಅದನ್ನ ಕಲ್ಬುರ್ಗಿಯಿಂದ ಬಂದಿದಾರಲ್ಲ, ಅಡುಗೆಗೆ ಬರೋ ಗಂಡ ಹೆಂಡ್ತಿ, ಅವ್ರಿಗೆ ಕೊಟ್ಬಿಡು. ಹೂಂ, ಇವತ್ತೇ."

"ಮತ್ತೆ ನಾನು?" ಎಂದೆ.

"ನಿಂಗೇನೇ? ಇಲ್ಲೇ ಮನೆ ಇದ್ಯಲ್ಲ," ಎಂದು ಲೋಟ ಇಟ್ಟು ಕೆಳಗಿಳಿದ. ಖಾಲಿ ಗಾಡಿಯಲ್ಲಿ ಡ್ರೈವರನ ಪಕ್ಕ ಕೂತು ಹೋದ.

ಆ ರಾತ್ರಿ ನನಗೆ ಭಯವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಲ್ಲಿಯ ತನಕ ಆ ಕೋಣೆ ಬೇಡ ಎನ್ನುವುದು ಸುಲಭವಾಗಿತ್ತು. ಈಗ ಅದು ನಿಜಕ್ಕೂ ಇರಲಿಲ್ಲ. ಕಾರ್ಖಾನೆಯ ಕೊನೆಯ ದಿನವೂ ಬಂತು, ಹೋಯಿತು. ಸುತ್ತಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಬಿಚ್ಚಿದೆ. ಒಂಬತ್ತು ದಿನ ಯಾರೂ ಫೋನ್ ಮಾಡಲಿಲ್ಲ, ಅಣ್ಣನನ್ನು ಬಿಟ್ಟು. ಅವನು ದಿನಾ ಮಾಡಿ, ಬಂತಾ ಎಂದು ಕೇಳಿ, ಇಲ್ಲ ಎಂದರೆ ಸರಿ ಎಂದು ಇಡುತ್ತಿದ್ದ.

ಹತ್ತನೆಯ ದಿನ ಹಲಸೂರಿನ ಮಾರ್ಕೆಟ್ಟಿನಲ್ಲಿ ಮೆಂತ್ಯ ಸೊಪ್ಪಿನ ಕಟ್ಟು ಆರಿಸುತ್ತಿದ್ದೆ. ಫೋನ್ ಬಂತು, ಗೊತ್ತಿಲ್ಲದ ನಂಬರು. ಎರಡನೇ ರಿಂಗಿಗೆ ಎತ್ತಿದೆ. ಒಬ್ಬ ಹೆಂಗಸಿನ ದನಿ: ಇಂದಿರಾನಗರದ ಕಣ್ಣಿನ ಆಸ್ಪತ್ರೆಯಿಂದ, ರಿಸೆಪ್ಷನ್ನಿಗೆ ಜನ ಬೇಕಿತ್ತು, ವಿಡಿಯೋ ನೋಡಿದೆವು, ಸೋಮವಾರದಿಂದ ಬರಲು ಆಗುತ್ತದಾ ಎಂದು ಕೇಳಬೇಕಿತ್ತು. ಆಮೇಲೆ ನನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿ, "ಅವರಿದ್ದಾರಾ?" ಎಂದರು.

"ಒಂದ್ನಿಮಿಷ, ಲೈನಲ್ಲಿರಿ, ಕೊಡ್ತೀನಿ," ಎಂದೆ.

ಫೋನನ್ನು ಎದೆಗೆ ಒತ್ತಿಕೊಂಡು ನಿಂತೆ. ಸೊಪ್ಪಿನವಳು ನನ್ನನ್ನೇ ನೋಡುತ್ತಿದ್ದಳು. ಯಾರಿಗೆ ಕೊಡಬೇಕೆಂದು ಒಂದು ಕ್ಷಣ ನಿಜವಾಗಿಯೂ ಸುತ್ತ ನೋಡಿದೆ. ತಿರುಗಿ ಫೋನನ್ನು ಕಿವಿಗೆ ಇಟ್ಟಾಗ ಆಕೆ ಕಾಯುತ್ತಿದ್ದರು.

"ಸಿಕ್ಕಿದ್ರಾ, ಮೇಡಂ?"

"ಸಿಕ್ಕಿದ್ರು," ಎಂದೆ. "ನಾನೇ."