ಫೋನಿಗೂ ಆಯುಧಪೂಜೆ

ಆಯುಧಪೂಜೆಯ ದಿನ ನಮ್ಮ ಭಾವ ಫೋನಿಗೂ ರಜೆ ಕೊಟ್ಟರು.

ಭಾವನದು ಹೊಸದುರ್ಗದಲ್ಲಿ ಶಾಮಿಯಾನದ ಅಂಗಡಿ. ಹಿರಿಯೂರು, ಹೊಳಲ್ಕೆರೆ ಕಡೆಯ ಮದುವೆಗಳಿಗೂ ಅವರದೇ ಪೆಂಡಾಲು. ಈಚೆಗೆ ಅಂಗಡಿಯ ಹಳೇ ಲ್ಯಾಂಡ್‌ಲೈನ್ ತೆಗೆಸಿ, ಅದೇ ನಂಬರಿಗೆ ಇಂಟರ್ನೆಟ್ ಫೋನ್ ಹಾಕಿಸಿದರು. ಧ್ವನಿ ಬಹಳ ಸ್ಪಷ್ಟವಂತೆ. (ಭಾವನ ಕೂಗು ಮೊದಲೇನು ಕೇಳುತ್ತಿರಲಿಲ್ಲವೇ?)

ಹಬ್ಬದ ದಿನ ಆಯುಧ ಮುಟ್ಟುವಂತಿಲ್ಲವಲ್ಲ? ಸುತ್ತಿಗೆ, ಗೂಟ, ಜನರೇಟರ್ ಪಕ್ಕದಲ್ಲಿ ಫೋನಿನ ಇಂಟರ್ನೆಟ್ ಡಬ್ಬಿಯೂ ಕೂತಿತು. ಸ್ವಿಚ್ ಆಫ್. ವಿಭೂತಿ, ಕುಂಕುಮ, ಚೆಂಡುಹೂವು. ಕಾರ್ತಿಕದ ಮದುವೆಗಳ ಬುಕಿಂಗ್ ಜೋರಿರುವ ಹೊತ್ತಿನಲ್ಲಿ ಇಡೀ ದಿನ ಅಂಗಡಿಯ ಫೋನ್ ಸತ್ತು ಬಿದ್ದಿತ್ತು. ಹಳೆಯದು ಕರೆಂಟ್ ಹೋದರೂ ಬಡಿದುಕೊಳ್ಳುತ್ತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಭಾವ ಪೂಜೆಯ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದರು. ಡಬ್ಬಿಯ ನೆತ್ತಿಯ ಮೇಲೆ, ಮರೆಯಬಾರದೆಂದು ಅವರೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದ ಲಾಗಿನ್, ಪಾಸ್‌ವರ್ಡ್! ಅದಿದ್ದರೆ ಸಾಕು, ಯಾರು ಎಲ್ಲಿಂದ ಬೇಕಾದರೂ ಅಂಗಡಿಯ ನಂಬರಿನಿಂದ ಮಾತಾಡಬಹುದು. ಯಾವ ಗಿರಾಕಿ ಫೋನ್ ಮಾಡಿದ್ದರು ಎನ್ನುವುದೂ ಅಲ್ಲೇ ಸಿಗುತ್ತದೆ.

ಯಾರೋ ಗಿರಾಕಿಗಳಿಗೆ ಫೋನ್ ಮಾಡಿ ಮಾತಾಡಿಯೂ ಬಿಟ್ಟರು. "ಬುಕಿಂಗ್ ಕನ್ಫರ್ಮ್ ಮಾಡಬೇಕು, ಮೊಬೈಲಿಗೆ ಬಂದಿರುವ ಒಟಿಪಿ ಹೇಳಿ."

ಮಗಳ ಮದುವೆಗೆ ಪೆಂಡಾಲು ಹೇಳಿದ್ದ ಆದಿವಾಲದ ಗೌರಮ್ಮ ಒಟಿಪಿ ಹೇಳಿಯೇ ಬಿಡುತ್ತಿದ್ದರು. ಆದರೆ ಆ ಪುಣ್ಯಾತ್ಮ "ಊಟ ಆತಾ" ಎಂದು ಕೇಳಲೇ ಇಲ್ಲ! ಊಟ ಕೇಳದೆ ನಮ್ಮ ಕಡೆ ಯಾರಾದರೂ ವ್ಯವಹಾರ ಮಾತಾಡುತ್ತಾರಾ? ಗೌರಮ್ಮನಿಗೆ ಅನುಮಾನ ಬಂದು ಫೋನ್ ಇಟ್ಟರು.

ವಿಷಯ ತಿಳಿದ ಭಾವ ಪಾಸ್‌ವರ್ಡ್ ಬದಲಿಸಿ, ಗಿರಾಕಿಗಳಿಗೆಲ್ಲ ಅದೇ ನಂಬರಿನಿಂದ ತಾವೇ ಫೋನ್ ಹಚ್ಚಿದರು. ಹೆಚ್ಚಿನವರು ಎತ್ತಲಿಲ್ಲ. ಎತ್ತಿದವರೊಬ್ಬರು "ಲೇ ಕಳ್ಳ, ಮತ್ತೆ ಮಾಡ್ತೀಯೇನೋ?" ಎಂದು ಬೈದರು. ಭಾವನ ಅಪ್ಪನ ಕಾಲದಿಂದ ಜನ ಬಾಯಿಪಾಠ ಮಾಡಿಕೊಂಡಿದ್ದ ನಂಬರ್ ಅದು. ಭಾವನ ಮುಖ ನೋಡಿ, ಅದುವರೆಗೆ ನಗುತ್ತಿದ್ದ ನಾನೂ ನಗು ನಿಲ್ಲಿಸಿದೆ.

ಕೊನೆಗೆ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗಿರಾಕಿಗಳ ಮನೆಮನೆಗೆ ಹೊರಟರು. ಗೌರಮ್ಮ "ಬರ್ರಿ, ಕುಂತ್ಕಳ್ರಿ" ಎಂದು ಕಾಫಿ ಕೊಟ್ಟರು.

"ಪೆಂಡಾಲು ನಿಮ್ದೇ ಇರ್ಲಿ. ಏನಾದ್ರೂ ಹೇಳೋದಿದ್ರೆ ಹಿಂಗೇ ಬಂದು ಹೇಳ್ರಿ. ಆ ಫೋನ್ ಮಾತ್ರ ಮಾಡಬ್ಯಾಡ್ರಿ."

ಭಾವ ತಲೆಯಾಡಿಸಿದರು. ಹೊರಗೆ ಬಂದು ಬೈಕ್ ಹತ್ತುವಾಗ ನನ್ನನ್ನು ಕೇಳಿದರು:

"ಅಲ್ಲಲೇ, ನಾನೇ ನಾನು ಅಂತ ಹೇಳಾಕೆ ಇನ್ನೂ ಎಷ್ಟು ಊರು ಸುತ್ತಬೇಕು?"