ಉಂಡೇ ಎದ್ದವಳು

ಯಂಕವ್ವನಿಗೆ ಸಿಟ್ಟು ಮೂಗಿನ ತುದಿಯಲ್ಲಿ ಎನ್ನುವವರು ಅವಳನ್ನು ಸರಿಯಾಗಿ ನೋಡಿದವರಲ್ಲ. ಮೂಗಿನ ತುದಿಯ ಸಿಟ್ಟು ಒಂದು ಸೀನಿಗೆ ಹೋಗುತ್ತದೆ. ಅವಳದು ಹೊಟ್ಟೆಯೊಳಗಿನ ಸಿಟ್ಟು. ಬೇಗ ಬರುವುದಿಲ್ಲ, ಬಂದರೆ ಬೇಗ ಹೋಗುವುದೂ ಇಲ್ಲ. ಮಣಿಪಾಲದ ಆ ಫುಡ್ ಕೋರ್ಟಿನಲ್ಲಿ ಮೇಜು ಒರೆಸುವ ನೀಲಿ ಏಪ್ರನ್ನಿನ ಹೆಂಗಸೆಂದರೆ ಕಾಲೇಜಿನ ಹುಡುಗರಿಗೆಲ್ಲ ಗೊತ್ತು. ಅರ್ಧ ತಿಂದು ಎದ್ದವರನ್ನು ಅವಳು ಬೈಯುವುದಿಲ್ಲ. ತಟ್ಟೆಯನ್ನು ನೋಡುತ್ತಾಳೆ, ಅವರ ಮುಖವನ್ನು ನೋಡುತ್ತಾಳೆ, ಮತ್ತೆ ತಟ್ಟೆಯನ್ನು ನೋಡುತ್ತಾಳೆ. ಆ ನೋಟಕ್ಕೆ ಹೆದರಿ ಮತ್ತೆ ಕೂತು ತಿಂದು ಮುಗಿಸಿದವರಿದ್ದಾರೆ.

ಕುಷ್ಟಗಿ ಕಡೆಯವಳು. ಗಂಡ ಮಾನಪ್ಪ ಗಾರೆ ಕೆಲಸಕ್ಕೆಂದು ಉಡುಪಿಗೆ ಬಂದಾಗ ಅವನ ಹಿಂದೆಯೇ ಬಂದಳು. ಬನ್ನಂಜೆಯ ಒಳರಸ್ತೆಯ ಸಾಲುಮನೆಯಲ್ಲಿ ಒಂದು ಕೋಣೆ ಹಿಡಿದರು. ಮೊದಮೊದಲು ಅವಳೂ ತಲೆಯ ಮೇಲೆ ಜಲ್ಲಿ ಹೊತ್ತಳು. ಕುತ್ತಿಗೆ ಹಿಡಿದುಕೊಂಡ ಮೇಲೆ ಅದನ್ನು ಬಿಟ್ಟು ಈ ಕೆಲಸಕ್ಕೆ ಸೇರಿದಳು. ತಲೆಯ ಮೇಲೆ ಸೂರಿರುವ ಕೆಲಸ, ತಿಂಗಳು ತಿಂಗಳು ಕೈಗೆ ಬರುವ ಸಂಬಳ. ತಕರಾರು ಇದ್ದದ್ದು ಮಾನಪ್ಪನಿಗೊಬ್ಬನಿಗೆ. "ನಿನ್ನ ಕೈ ಫಿನಾಯಿಲ್ ನಾರತೈತಿ. ನೀ ಬಡಿದ ರೊಟ್ಟೀನೂ ಫಿನಾಯಿಲ್ ನಾರತೈತಿ," ಎಂದು ಅವನು ಊಟಕ್ಕೆ ಕೂತಾಗೆಲ್ಲ ಗೊಣಗುವನು. ಅವಳು ಕೈಗೆ ಹುಣಸೆಹಣ್ಣು ತಿಕ್ಕಿದಳು, ನಿಂಬೆಸಿಪ್ಪೆ ತಿಕ್ಕಿದಳು. ವಾಸನೆ ಹೋಗಲಿಲ್ಲ.

ಆ ಫುಡ್ ಕೋರ್ಟಿಗೆ ಕಟಪಾಡಿಯ ಜೋಯ್‌ಸ್ಟನ್ ತೈವಾನ್ ತಿಂಡಿಯ ಅಂಗಡಿ ತಂದ. ಹಡಗಿನ ಅಡುಗೆಮನೆಯಲ್ಲಿ ದುಡಿಯುವಾಗ ತೈವಾನಿನ ಗೆಳೆಯನೊಬ್ಬನಿಂದ ಕಲಿತು ಬಂದ ವಿದ್ಯೆ. ಬಿದಿರಿನ ದುಂಡು ಬುಟ್ಟಿಗಳಲ್ಲಿ ಹಬೆಗೆ ಬೇಯುವ ಬೆಳ್ಳನೆಯ ಬನ್ನುಗಳು. ನಡುವೆ ಬಾಯಿ ತೆರೆದಂತೆ ಮಡಚಿದ ಬನ್ನಿನೊಳಗೆ ಸೋಯಾ ರಸದಲ್ಲಿ ಬೆಂದ ಕೋಳಿ ಅಥವಾ ಅಣಬೆ, ಹುಳಿ ಹಿಡಿಸಿದ ಸೊಪ್ಪು, ಕೊತ್ತಂಬರಿ, ಮೇಲಿಂದ ಒಂದು ಪುಡಿ. ಅಂಗಡಿಯ ಬೋರ್ಡಿನಲ್ಲಿ ಅದಕ್ಕೆ ಗುವಾ ಬಾವೊ ಎಂಬ ಹೆಸರಿತ್ತು. ಯಂಕವ್ವನ ಬಾಯಲ್ಲಿ ಅದು ಬನ್ನೇ ಆಯಿತು.

ಮೊದಲ ದಿನ ಅವನೇ ಕರೆದು ಕೊಟ್ಟ. "ತಿಂದು ನೋಡಿ ಯಂಕವ್ವ. ಹೇಗೆ ಉಂಟು ಅಂತ ಸತ್ಯ ಹೇಳ್ಬೇಕು."

ಅವಳು ಒಂದು ತುತ್ತು ಕಚ್ಚಿ ನಿಂತಳು. "ಅಯ್ಯ ಶಿವನ! ಇದು ಶೇಂಗಾಪುಡಿ ಅಲ್ಲೇನ್ರಿ? ಸಕ್ಕರಿ ಹಾಕೀರಿ. ಖಾರ ಎಲ್ಲೈತಿ?"

"ತೈವಾನಿನವರು ಖಾರ ಹಾಕುವುದಿಲ್ಲ ಮಾರಾಯ್ತಿ."

"ಅವರಿಗೆ ಯಾರೂ ಹೇಳಿಲ್ಲೇನೋ ಪಾಪ," ಎಂದು ಮರುದಿನ ಅವಳು ಮನೆಯಿಂದ ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬಂದಳು. ಬನ್ನಿನ ಮೇಲೆ ಉದುರಿಸಿ ತಿಂದ ಜೋಯ್‌ಸ್ಟನ್‌ಗೆ ಕಣ್ಣಲ್ಲಿ ನೀರು ಬಂತು. ಕೆಮ್ಮಿ ಕೆಮ್ಮಿ ಇನ್ನೊಂದು ಬನ್ನಿಗೆ ಕೈ ಹಾಕಿದ. ಅಂದಿನಿಂದ ಮುಚ್ಚುವ ಹೊತ್ತಿಗೆ ಮಿಕ್ಕ ಬನ್ನು ಕೆಲಸದವರಿಗೆ ಎಂಬುದು ಯಾರೂ ಮಾಡದ ಕಾನೂನಾಯಿತು. ಪಾತ್ರೆ ತೊಳೆಯುವ ಕಟ್ಟೆಯ ಹತ್ತಿರ ಎಲ್ಲರೂ ನಿಂತುಕೊಂಡೇ ತಿನ್ನುವರು. ಹೊರಗಿನ ಕುರ್ಚಿಗಳು ಗಿರಾಕಿಗಳಿಗೆ ಮಾತ್ರ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿ ಯಾರೆಂದರೆ ಫುಡ್ ಕೋರ್ಟ್ ನಡೆಸುವ ಕಂಪನಿ. ಮಿಕ್ಕದ್ದು ಪುಕ್ಕಟೆ ಸಿಗುತ್ತದೆಂದಾದರೆ ಕೆಲಸದವರು ಬೇಕೆಂದೇ ಹೆಚ್ಚು ಮಾಡಿಸುತ್ತಾರೆ ಎಂದು ಎಲ್ಲೋ ತಣ್ಣನೆಯ ಕೋಣೆಯಲ್ಲಿ ಕೂತ ಒಬ್ಬ ಮಹಾನುಭಾವನಿಗೆ ಹೊಳೆಯಿತು. ಎಂಥ ತಲೆ ನೋಡಿ! ಹೊಸ ನಿಯಮ ಬಂತು. ಉಳಿದದ್ದನ್ನು ಮರುದಿನಕ್ಕೆ ಇಡುವಂತಿಲ್ಲ, ಹೊರಗೆ ಒಯ್ಯುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ತೊಟ್ಟಿಗೆ ಸುರಿಯುವ ಮುಂಚೆ ಮೇಲೆ ಫಿನಾಯಿಲ್ ಹಾಕಬೇಕು, ಆಮೇಲೆ ಯಾರೂ ಹೆಕ್ಕಿ ತಿನ್ನಬಾರದಲ್ಲ. ಇದನ್ನು ಜಾರಿ ಮಾಡುವ ಭಾರ ಸೂಪರ್‌ವೈಸರ್ ಯೋಗೀಶನ ಮೇಲೆ ಬಿತ್ತು.

ಯೋಗೀಶ ಅಜೆಕಾರಿನವನು, ಕೆಟ್ಟವನೇನಲ್ಲ. ಮೇಲಿನವರು ಹೇಳಿದ್ದನ್ನು ಕೆಳಗಿನವರಿಗೆ ಹೇಳುವುದೇ ಬದುಕು ಎಂದುಕೊಂಡವನು. ಇಂಥವರಿಂದಲೇ ಲೋಕದಲ್ಲಿ ಅರ್ಧ ಅನ್ಯಾಯ ನಡೆಯುವುದು, ಪೂರ್ತಿ ಕೆಟ್ಟವರಿಗೆ ಅಷ್ಟೆಲ್ಲ ಪುರುಸೊತ್ತೆಲ್ಲಿ?

ಯಂಕವ್ವ ಅನ್ನದ ಮೇಲೆ ಫಿನಾಯಿಲ್ ಹಾಕಲಿಲ್ಲ. ಜಗಳವನ್ನೂ ಮಾಡಲಿಲ್ಲ. ಜೊತೆಗೆ ಕೆಲಸ ಮಾಡುವ ಸವಿತಾಳ ಹತ್ತಿರ ಒಂದು ಒಪ್ಪಂದ ಮಾಡಿಕೊಂಡಳು. ಸವಿತಾಳ ಪಾಲಿನ ಪಾಯಿಖಾನೆಗಳನ್ನೂ ತಾನೇ ತೊಳೆಯುವುದು, ತನ್ನ ಪಾಲಿನ ಬನ್ನುಗಳನ್ನು ಸವಿತಾ ನೋಡಿಕೊಳ್ಳುವುದು. ಕಂಡವರ ಪಾಯಿಖಾನೆ ತೊಳೆಯುವುದು ಅವಳಿಗೆ ಹೆಚ್ಚು ಮರ್ಯಾದೆಯ ಕೆಲಸವಾಗಿ ಕಂಡಿತು. ಅಲ್ಲಿ ತಿಕ್ಕುತ್ತ ಕೂತಾಗ ಹೊರಗಿನಿಂದ ಫಿನಾಯಿಲ್ ವಾಸನೆ ಬಂದರೆ ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಆಷಾಢದ ಒಂದು ದಿನ ಮಳೆ ಹುಚ್ಚುಹಿಡಿದಂತೆ ಹೊಯ್ಯಿತು. ಜೋಯ್‌ಸ್ಟನ್‌ನ ಹಿಟ್ಟು ಉಬ್ಬಿ, ಬನ್ನು ಬುಟ್ಟಿ ಸೇರಿದ ಮೇಲೆ ಮೊಬೈಲಿನಲ್ಲಿ ರೆಡ್ ಅಲರ್ಟ್ ಬಂತು, ಹಿಂದೆಯೇ ಶಾಲೆ ಕಾಲೇಜುಗಳಿಗೆ ರಜೆ ಬಂತು. ಒಂದು ನರಪಿಳ್ಳೆಯೂ ಇಲ್ಲ. ಕಟಪಾಡಿಯ ಹತ್ತಿರ ಹೆದ್ದಾರಿಗೆ ನೀರು ನುಗ್ಗಿ ಬಸ್ಸು ನಿಂತಿದ್ದರಿಂದ ಸವಿತಾ ಬರಲಿಲ್ಲ. ಜೋಯ್‌ಸ್ಟನ್ ನೀರು ಏರುವ ಮೊದಲೇ ಸ್ಕೂಟರಿನಲ್ಲಿ ದಾಟಿ ಬಂದಿದ್ದ. ಮಧ್ಯಾಹ್ನಕ್ಕೇ ಮುಚ್ಚಿ ಎಂದು ಕಂಪನಿಯಿಂದ ಫೋನು ಬಂತು. ಮೂರು ಬುಟ್ಟಿಗಳಲ್ಲಿ ಬನ್ನು ಹಾಗೇ ಇತ್ತು, ಮುಟ್ಟಿದರೆ ಇನ್ನೂ ಬಿಸಿ.

ಯೋಗೀಶ ಫಿನಾಯಿಲ್ ಬಾಟಲಿ ತಂದು ಯಂಕವ್ವನ ಮುಂದೆ ಇಟ್ಟ. "ಇವತ್ತು ಸವಿತಾ ಇಲ್ಲ. ನೀವೇ ಹಾಕಿಬಿಡಿ. ಬೇಗ ಹೋಗ್ಲಿಕ್ಕುಂಟು."

"ನಾ ಹಾಕಂಗಿಲ್ರಿ, ಸರ."

"ಹಾಗೆಂದರೆ?"

"ಹಾಕಂಗಿಲ್ಲ ಅಂದ್ರ ಹಾಕಂಗಿಲ್ಲ. ಹೊರಗ ಗೇಟಿನ್ಯಾಗ ವಾಚಮನ್ ಕರಿಬಸವಣ್ಣ ಮುಂಜಾನಿಂದ ತೊಯ್ಸಿಕೊಂಡು ನಿಂತಾನ. ಕ್ಯಾಂಟೀನ್ ಬಂದ್ ಐತಿ, ಹೊಟ್ಟಿಗಿ ಏನೂ ಇಲ್ಲ. ಅವಗ ನಾಕು ಕೊಡ್ರಿ. ಯಾರ ಗಂಟು ಹೋಗತೈತಿ?"

"ಯಂಕವ್ವ, ರೂಲ್ಸ್ ನಾನು ಮಾಡಿದ್ದಲ್ಲ ಅಲ್ವಾ? ಮೇಲೆ ಕ್ಯಾಮೆರಾ ಉಂಟು. ಹಾಕದಿದ್ದರೆ ನಾಳೆಯಿಂದ ನಿಮಗೆ ಕೆಲಸ ಇಲ್ಲ. ಸ್ಪಷ್ಟ ಹೇಳ್ತಿದ್ದೇನೆ."

ಅವಳು ಜೋಯ್‌ಸ್ಟನ್ ಕಡೆ ನೋಡಿದಳು. ಬೆಳಗಿನ ಜಾವ ಎದ್ದು ಹಿಟ್ಟು ನಾದಿದವನು ಅವನು. ಒಂದು ಮಾತು ಆಡಬಹುದಿತ್ತು. ಆದರೆ ಅಂಗಡಿಯ ಕರಾರು ಮುಂದಿನ ತಿಂಗಳು ಮುಗಿಯುವುದಿತ್ತು. ಅವನು ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸತೊಡಗಿದ.

ಯಾರೂ ಅಲುಗದ್ದನ್ನು ಕಂಡು ಯೋಗೀಶನೇ ಬಾಟಲಿಯ ಮುಚ್ಚಳ ತಿರುಗಿಸಿದ. ಮೊದಲ ಬುಟ್ಟಿಯ ಮುಚ್ಚಳ ತೆಗೆದು ಸುರಿದ. ಹಬೆಯಾಡುವ ಬನ್ನುಗಳ ಮೇಲೆ ಫಿನಾಯಿಲ್ ಬಿದ್ದು ಬಿಳಿ ನೊರೆಯಾಗಿ ಹರಿಯಿತು. ಬಿಸಿಗೆ ಆ ವಾಸನೆ ಎದ್ದು ಇಡೀ ಹಾಲ್ ತುಂಬಿತು. ತಾನು ಬಡಿದ ರೊಟ್ಟಿಯದೂ ಇದೇ ವಾಸನೆ ಎಂದು ಯಂಕವ್ವನಿಗೆ ಅನ್ನಿಸಿತು, ಅನ್ನಿಸಿದ್ದೇ ತಡ ಸಿಟ್ಟು ನೆತ್ತಿಗೇರಿತು.

ಅವನು ಎರಡನೆಯ ಬುಟ್ಟಿಗೆ ಕೈ ಹಾಕುವ ಮೊದಲು ಅವಳು ಉಳಿದೆರಡನ್ನೂ ಒಂದರ ಮೇಲೊಂದಿಟ್ಟು ಎತ್ತಿಕೊಂಡಳು. ಹಾಲಿನ ನಟ್ಟನಡುವಿನ ಮೇಜಿಗೆ ಒಯ್ದು ಇಟ್ಟಳು. ದಿನವೂ ತಾನೇ ಒರೆಸುವ ಮೇಜು. ಕುರ್ಚಿ ಎಳೆದು ಕೂತಳು, ಏಪ್ರನ್ ಸಮೇತ. ಒಂದು ಬನ್ನು ತೆಗೆದು ಕಚ್ಚಿದಳು. ಕೋಳಿಯಿಲ್ಲ, ಸೊಪ್ಪಿಲ್ಲ, ಬರೀ ಹಿಟ್ಟಿನ ಬನ್ನು. ಗಂಟಲಿಗೆ ಸಿಕ್ಕಿಕೊಂಡರೂ ನುಂಗಿದಳು.

"ಏಳು ಅಲ್ಲಿಂದ!" ಯೋಗೀಶ ಕೂಗಿದ. ನೀವು ಹೋಗಿ ನೀನಾಗಿತ್ತು. "ಗಿರಾಕಿಗಳ ಮೇಜು ಅದು!"

"ನಾ ಉಣ್ಣಾಕ ಕುಂತೀನಿ," ಯಂಕವ್ವ ಬಾಯಲ್ಲಿ ತುತ್ತಿಟ್ಟುಕೊಂಡೇ ಹೇಳಿದಳು. ಸರ ಎನ್ನುವುದು ಅವಳ ಕಡೆಯಿಂದಲೂ ಬಿದ್ದುಹೋಗಿತ್ತು. "ಉಣ್ಣಾಕ ಕುಂತಾಕಿನ್ನ ಎಬ್ಬಸ್ತಿ ಏನ್? ಎಬ್ಬಸು. ನನ್ನ ಮುಂದಿನ ಅನ್ನದ ಮ್ಯಾಲೆ ಸುರಿ. ನಿಮ್ಮವ್ವ ನಿನಗ ಹಿಂಗ ಕಲಿಸ್ಯಾಳೇನು?"

ಯೋಗೀಶ ಬಾಟಲಿ ಹಿಡಿದುಕೊಂಡು ಮೇಜಿನ ತನಕ ಬಂದ. ಬಂದವನು ಅಲ್ಲಿಯೇ ನಿಂತ. ಅಜೆಕಾರಿನ ಅವನ ಮನೆಯಲ್ಲಿ ಎಷ್ಟು ದೊಡ್ಡ ಜಗಳವಾದರೂ ಊಟಕ್ಕೆ ಕೂತವರನ್ನು ಯಾರೂ ಎಬ್ಬಿಸಿದ್ದಿಲ್ಲ. ಸಾವಿನ ಸುದ್ದಿ ಬಂದರೂ ಉಣ್ಣುವವರು ಕೈ ತೊಳೆಯುವ ತನಕ ಅವನ ತಾಯಿ ಬಾಯಿ ಬಿಡುತ್ತಿರಲಿಲ್ಲ. ಕಂಪನಿಯ ನಿಯಮ ಮೊಬೈಲಿನಲ್ಲಿ ಬಂದದ್ದು, ಇದು ತಾಯಿಯ ಹಾಲಿನ ಜೊತೆ ಬಂದದ್ದು. ನುಂಗಲಾರದ, ಉಗುಳಲಾರದ ಬಿಸಿತುಪ್ಪವಾಯಿತು ಅವನಿಗೆ. "ತಿಂದು ಮುಗಿಸು. ಆಮೇಲೆ ನೋಡ್ತೇನೆ," ಎಂದ.

ಅವಳಿಗೆ ಬೇಕಾಗಿದ್ದೂ ಅದೇ. ತಾನು ಉಣ್ಣುತ್ತಿರುವ ತನಕ ಬುಟ್ಟಿಗೆ ಭಯವಿಲ್ಲ. ಆದರೆ ಒಂದು ಹೊಟ್ಟೆಗೆ ಎಷ್ಟು ಹಿಡಿದೀತು? ಅವಳು ಬಾಗಿಲ ಕಡೆ ತಿರುಗಿ ಹೊಲದಲ್ಲಿ ಕೂಗುವ ಹಾಗೆ ಕೂಗಿದಳು: "ಕರಿಬಸವಣ್ಣಾ! ಉಣ್ಣಾಕ ಬಾ! ತಾಟು ಮುಂದೈತಿ!"

ಕಾವಲಿನ ಕರಿಬಸವ ರೇನ್‌ಕೋಟಿನಿಂದ ನೀರಿಳಿಸುತ್ತ ಬಂದ. ಯೋಗೀಶನ ಕೈಯ ಬಾಟಲಿ ನೋಡಿದ, ಯಂಕವ್ವನ ಮುಖ ನೋಡಿದ. ಹಸಿವು ದೊಡ್ಡದಿತ್ತು, ಕೂತ. ಈಗ ಉಣ್ಣುವವರು ಇಬ್ಬರಾದರು. ಜ್ಯೂಸ್ ಅಂಗಡಿಯ ಜಾಬಿರ್ ಶಟರ್ ಅರ್ಧ ಎಳೆದವನು ಬಿಟ್ಟು ಬಂದ. "ನನಗೆ ಅಣಬೆಯದ್ದು ಸಾಕು. ಉಂಟಾ ಜೋಯ್‌ಸ್ಟನ್?" ಎಂದು ಕೇಳಿ ಕುರ್ಚಿ ಎಳೆದ.

ಕೇಳಿದ್ದು ಅಣಬೆಯನ್ನಾದರೂ ಅದು ಜೋಯ್‌ಸ್ಟನ್‌ಗೆ ತಗಲಿದ್ದೇ ಬೇರೆ ಕಡೆ. ಅವನು ಒರೆಸುವ ಬಟ್ಟೆ ಕೆಳಗೆ ಬಿಸಾಡಿದ. ಕೋಳಿಯ ಪಾತ್ರೆ, ಅಣಬೆಯ ಪಾತ್ರೆ, ಸೊಪ್ಪು, ಶೇಂಗಾಪುಡಿಯ ಡಬ್ಬಿ ಎಲ್ಲವನ್ನೂ ಹೊತ್ತು ತಂದ. "ಬರೀ ಬನ್ನು ತಿನ್ನಬೇಡಿ ಯಂಕವ್ವ," ಎಂದ. "ನಾನು ಮಾಡಿದ್ದು. ನಾನೇ ಬಡಿಸ್ತೇನೆ."

"ಇಷ್ಟೊತ್ತು ಎಲ್ಲಿ ಹೋಗಿತ್ತು ಈ ಬಾಯಿ?" ಯಂಕವ್ವ ಅವನನ್ನೂ ಬಿಡಲಿಲ್ಲ. "ಒಂದು ಬುಟ್ಟಿ ಹಾಳಾದ ಮ್ಯಾಲೆ ಬಂತೇನು?" ಜೋಯ್‌ಸ್ಟನ್ ತಲೆ ತಗ್ಗಿಸಿ ಬಡಿಸಿದ.

ಪಾತ್ರೆ ತೊಳೆಯುವ ಇಬ್ಬರು ಹೆಂಗಸರು ಬಂದರು. ಮಳೆಗೆ ಹೊರಗೆ ಸಿಕ್ಕಿಕೊಂಡಿದ್ದ ರಿಕ್ಷಾದವನೊಬ್ಬ ಬಂದ. ಸಂತೋಷದ ಊಟವಲ್ಲ ಅದು. ಪಕ್ಕದಲ್ಲಿ ಬಾಟಲಿ ಹಿಡಿದು ಒಬ್ಬ ಕಾಯುತ್ತಿರುವಾಗ ಯಾರಿಗೆ ರುಚಿ ಹತ್ತೀತು? ಎಲ್ಲರೂ ದವಡೆ ಬಿಗಿದುಕೊಂಡೇ ಅಗಿದರು. ಯಂಕವ್ವ ಸೊಂಟದ ಚೀಲದಿಂದ ಚಟ್ನಿಪುಡಿ ಬಿಚ್ಚಿ ಎಲ್ಲರ ಬನ್ನಿಗೂ ಉದುರಿಸಿದಳು. ಖಾರಕ್ಕೆ ಎಲ್ಲರ ಕಣ್ಣಲ್ಲೂ ನೀರು ಬಂತು, ಅದನ್ನು ಯಾರೂ ಒರೆಸಿಕೊಳ್ಳಲಿಲ್ಲ. ಯೋಗೀಶನ ಫೋನು ಎರಡು ಬಾರಿ ಬಡಿದುಕೊಂಡಿತು. ಅವನು ಎತ್ತಲಿಲ್ಲ.

ಬುಟ್ಟಿಗಳ ತಳ ಕಂಡಿತು. ಯಂಕವ್ವನ ತಟ್ಟೆಯಲ್ಲಿ ಕೊನೆಯ ಅರ್ಧ ಬನ್ನಿತ್ತು. ಅದು ಮುಗಿದರೆ ಕೆಲಸವೂ ಮುಗಿಯಿತೆಂದು ಅವಳಿಗೆ ಗೊತ್ತಿತ್ತು. ಬಾಡಿಗೆ ಕೋಣೆ, ಮಳೆಗಾಲದಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಮಾನಪ್ಪ, ಎಲ್ಲ ಕಣ್ಣ ಮುಂದೆ ಬಂತು. ಹೆದರಿಕೆ ಆಯಿತು. ಆದರೆ ಕಟ್ಟೆಯ ಮೇಲೆ ಫಿನಾಯಿಲ್ ಕುಡಿದು ಉಬ್ಬಿದ ಬನ್ನುಗಳ ಬುಟ್ಟಿ ಇನ್ನೂ ಕೂತಿತ್ತು. ಅದನ್ನು ನೋಡುತ್ತಲೇ ಅವಳು ಉಳಿದರ್ಧವನ್ನು ಅಗಿದು ತಿಂದಳು, ತಟ್ಟೆಯ ರಸವನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಎದ್ದು ಹೋಗಿ ಕೈ ತೊಳೆದಳು. ಏಪ್ರನ್ ಬಿಚ್ಚಿ, ಮಡಚಿ, ಯೋಗೀಶನ ತೋಳಿನ ಮೇಲೆ ಹಾಕಿದಳು.

"ನೀ ಎಬ್ಬಿಸಿಲ್ಲ. ನಾ ಉಂಡು ಎದ್ದೀನಿ," ಎಂದಳು. "ಆ ಬುಟ್ಟಿ ನೀ ಸುರಿದದ್ದು. ಅದನ್ನ ನೀನ ತೊಳಿ."

ಬನ್ನಂಜೆಯ ಕೋಣೆಗೆ ಅವಳು ತೋಯ್ದು ತೊಪ್ಪೆಯಾಗಿ ತಲುಪಿದಾಗ ಇನ್ನೂ ಬೆಳಕಿತ್ತು. ಮಾನಪ್ಪ ಒಲೆ ಹಚ್ಚಿ ಚಹಕ್ಕಿಟ್ಟ. ಅವನು ಲೋಟ ಕೊಡುವಾಗ, ಅದಕ್ಕೆ ಚಾಚಿದ ಅವಳ ಕೈ ಅವನ ಮೂಗಿಗೆ ಹತ್ತಿರ ಬಂತು. ಅವನು ಆ ಕೈ ಹಿಡಿದು ಮೂಸಿದ.

"ಶೇಂಗಾ ವಾಸನಿ ಬರಾಕತ್ತೈತಿ. ಫಿನಾಯಿಲ್ ಎಲ್ಲಿ ಹೋತು?"

"ಹೋತು," ಎಂದಳು ಯಂಕವ್ವ. ಅವಳ ದನಿಯಲ್ಲಿ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಇನ್ನ ಬರಂಗಿಲ್ಲ."

ಮಾನಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಅವನು ಕೈ ಬಿಡಲಿಲ್ಲ. "ಉಂಡಿಯೇನು?" ಎಂದು ಕೇಳಿದ.

"ಹೊಟ್ಟಿ ತುಂಬ ಉಂಡೀನಿ."